ಸೈಕಲ್ಲಿನ ಮೂತಿ ಯಾವ ಕಡೆ

ಗ್ಲೆನಿಸ್: ಐದು ಕಿಲೋಮೀಟರ್ ಮುಗೀತು. ಮುಂದೆ ಬಾ.

ಲೈಲ್: ಎಲ್ಲಿ ಮುಗೀತು? ನನ್ನ ಮೀಟರಿನಲ್ಲಿ ಇನ್ನೂ ನಾಲ್ಕು ಮುಕ್ಕಾಲು.

ಗ್ಲೆನಿಸ್: ನಿನ್ನ ಮೀಟರು ನೀನು ಹಿಂದೆ ಇರೋವಾಗ ಕುಂಟುತ್ತೆ, ಮುಂದೆ ಬಂದ ತಕ್ಷಣ ಓಡುತ್ತೆ.

ಲೈಲ್: ಅಂದ್ರೆ ನಾನು ಸುಳ್ಳು ಹೇಳ್ತೀನಿ ಅಂತಾನಾ?

ಗ್ಲೆನಿಸ್: ನೀನಲ್ಲ ಮಾರಾಯ, ನಿನ್ನ ಮೀಟರು. ಈಗ ಮುಂದೆ ಬರ್ತೀಯೋ, ನಾನು ಇಲ್ಲೇ ಬಿದ್ಕೊಳ್ಳಲೋ?

ಲೈಲ್: ಬೀಳೋದಾದ್ರೆ ಎಡಕ್ಕೆ ಬೀಳು. ಬಲಗಡೆ ಲಾರಿ ಬರ್ತವೆ.

ಹಾಗೆಂದದ್ದು ಪ್ರೀತಿಯಿಂದಲೇ. ಲೈಲ್ ಟ್ರೆಗೆನ್ಜಾ ಮೂವತ್ತೊಂದು ವರ್ಷ ಡ್ರೈವಿಂಗ್ ಲೈಸೆನ್ಸ್ ಪರೀಕ್ಷಕನಾಗಿದ್ದವನು. ಕನ್ನಡಿ ನೋಡದೆ ಗಾಡಿ ಎತ್ತಿದವರನ್ನು, ಕೈ ತೋರಿಸದೆ ತಿರುಗಿದವರನ್ನು ಸಾವಿರಗಟ್ಟಲೆ ನಪಾಸು ಮಾಡಿ ನಿವೃತ್ತನಾಗಿದ್ದ. ನಪಾಸು ಮಾಡಲು ಈಗ ಉಳಿದಿದ್ದವಳು ಹೆಂಡತಿ ಒಬ್ಬಳೇ.

ಆಸ್ಟ್ರೇಲಿಯಾದ ನಲ್ಲರ್ಬೋರ್ ಬಯಲಿನಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಆ ಬೆಳಿಗ್ಗೆ ಇದ್ದದ್ದು ಗ್ಲೆನಿಸ್ ಮಾತ್ರ. ಸೈಕಲ್ಲಿನವರಲ್ಲಿ ಅದಕ್ಕೊಂದು ಪದ್ಧತಿ ಇದೆ: ಒಬ್ಬರು ಐದು ಕಿಲೋಮೀಟರ್ ಮುಂದೆ ಹೋಗಿ ಎದುರುಗಾಳಿಯ ಪೆಟ್ಟು ತಿನ್ನಬೇಕು, ಇನ್ನೊಬ್ಬರು ಅವರ ಹಿಂಚಕ್ರಕ್ಕೆ ಅಂಟಿಕೊಂಡು ಬರಬೇಕು, ಆಮೇಲೆ ಅದಲು ಬದಲು. ಈ ಐದು ಕಿಲೋಮೀಟರು ಗ್ಲೆನಿಸ್ ಪಾಲಿಗೆ ಯಾವಾಗಲೂ ಐದೂವರೆ ಆಗುತ್ತಿತ್ತು.

ಲೈಲ್ ಮುಂದೆ ಬಂದ. ಹತ್ತು ಸಲ ಪೆಡಲ್ ತುಳಿಯುವಷ್ಟರಲ್ಲಿ ಅವನ ಉಸಿರು ಸಿಳ್ಳೆ ಹೊಡೆಯತೊಡಗಿತು.

ಗ್ಲೆನಿಸ್: ಪಶ್ಚಿಮದ ಗಾಳಿ ಬೆನ್ನಿಗೆ ಬೀಸುತ್ತೆ, ನಾವು ಸುಮ್ನೆ ಸೀಟಿನ ಮೇಲೆ ಕೂತಿದ್ರೆ ಸಾಕು, ಅದೇ ಮನೆಗೆ ತಲುಪಿಸುತ್ತೆ ಅಂತ ನೀನು ಅಂದಿದ್ದೆ.

ಲೈಲ್: ಬೀಸುತ್ತೆ.

ಗ್ಲೆನಿಸ್: ಇವತ್ತಿಗೆ ಹದಿನೇಳು ದಿನ. ಬೆನ್ನಿಗೆ ಬೀಸಿದ್ದು ಮೂರೇ ದಿನ. ಆ ಮೂರು ದಿನ ನೀನು ಮೊಣಕಾಲು ನೋವು ಅಂತ ಡೇರೆಯಲ್ಲಿ ಮಲಗಿದ್ದೆ.

ಲೈಲ್: ನನ್ನ ಲೆಕ್ಕ ಸರಿಯಾಗೇ ಇದೆ. ಗಾಳಿ ತಪ್ಪು ಮಾಡ್ತಾ ಇದೆ. ಇವತ್ತು ಮಧ್ಯಾಹ್ನ ಎರಡು ಗಂಟೆಗೆ ತಿರುಗುತ್ತೆ, ನೋಡ್ತಾ ಇರು.

ಗ್ಲೆನಿಸ್: ಯಾರು ಹೇಳಿದ್ದು?

ಲೈಲ್: ನನ್ನ ಎಡಗಿವಿ. ಅದು ತಣ್ಣಗಾಯ್ತು ಅಂದ್ರೆ ಗಾಳಿ ತಿರುಗುತ್ತೆ ಅಂತ ಅರ್ಥ.

ಗ್ಲೆನಿಸ್: ನಿನ್ನ ಎಡಗಿವಿಗೆ ಕೇಳಿಸೋದೇ ಇಲ್ಲವಲ್ಲ?

ಲೈಲ್: ಕೇಳೋ ಕೆಲಸ ಇಲ್ಲ, ಅದಕ್ಕೇ ಗಾಳಿ ಕಡೆ ಪೂರ್ತಿ ಗಮನ ಕೊಡುತ್ತೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಬಂತು. ಅದರ ಬೆನ್ನಿಗೆ ಬಿಳಿಯ ಕ್ಯಾರವಾನ್, ಚಕ್ರದ ಮೇಲಿನ ಪುಟ್ಟ ಮನೆ. ಕಿಟಕಿಗೆ ಹೂವಿನ ಪರದೆ. ಮುಂದಿನ ಸೀಟಿನಲ್ಲಿದ್ದ ಮುದುಕಿ ಒಂದು ಕೈಯಲ್ಲಿ ಟೀ ಲೋಟ ಹಿಡಿದು ಇನ್ನೊಂದು ಕೈ ಬೀಸಿದಳು. ಗ್ಲೆನಿಸ್ ತಿರುಗಿ ಕೈ ಬೀಸಲಿಲ್ಲ. ಆ ಪರದೆಯನ್ನೇ ನೋಡುತ್ತಿದ್ದಳು, ಅದು ಚುಕ್ಕೆಯಾಗಿ ಮಾಯವಾಗುವವರೆಗೂ.

ಗ್ಲೆನಿಸ್: ನಮ್ಮದು ನೀಲಿ ಪರದೆ.

ಲೈಲ್: ಶುರು ಆಯ್ತು.

ಗ್ಲೆನಿಸ್: ಅದರೊಳಗೆ ಫ್ರಿಜ್ ಇತ್ತು. ಹಾಸಿಗೆ ಇತ್ತು. ಬಾಗಿಲಿತ್ತು ಲೈಲ್, ಮುಚ್ಚಿದ್ರೆ ಗಾಳಿ ಹೊರಗೇ ನಿಲ್ತಿತ್ತು. ನೀನು ಅದನ್ನ ಪಕ್ಕದ ಮನೆ ಟ್ರೆವರ್‌ಗೆ ಕೊಟ್ಟು ಈ ಎರಡು ಸೈಕಲ್ ತಂದೆ.

ಲೈಲ್: ಕ್ಯಾರವಾನಿನವರು ದೇಶ ನೋಡಲ್ಲ ಗ್ಲೆನ್. ಸೋಫಾ ಎಳ್ಕೊಂಡು ಓಡಾಡ್ತಾರೆ ಅಷ್ಟೇ. ನಾವು ಅಂಗುಲ ಅಂಗುಲವನ್ನೂ ತುಳಿದು ಹೋಗ್ತಾ ಇದ್ದೀವಿ. ಪಶ್ಚಿಮದ ಪರ್ತ್‌ನಿಂದ ಪೂರ್ವದ ಪೋರ್ಟ್ ಪಿರೀಯ ನಮ್ಮ ಮನೆ ಗೇಟಿನವರೆಗೂ, ಒಂದೇ ಒಂದು ಅಂಗುಲ ಬಿಡದ ಹಾಗೆ. ನನ್ನ ಬ್ಲಾಗ್ ಓದೋರು ಅದನ್ನೇ ಕಾಯ್ತಾ ಇದ್ದಾರೆ.

ಗ್ಲೆನಿಸ್: ಹತ್ತೊಂಬತ್ತು ಜನ.

ಲೈಲ್: ಇಪ್ಪತ್ತು.

ಗ್ಲೆನಿಸ್: ಇಪ್ಪತ್ತನೆಯವಳು ನಾನು. ನನ್ನನ್ನ ಲೆಕ್ಕಕ್ಕೆ ಹಿಡೀಬೇಡ.

ಲೈಲ್: ಅಷ್ಟು ಕಷ್ಟ ಆದ್ರೆ ಮುಂದಿನ ಲಾರಿಗೆ ಕೈ ತೋರಿಸಿ ಹತ್ಕೋ. ನಾನು ಬೇಡ ಅನ್ನಲ್ಲ.

ಗ್ಲೆನಿಸ್: ಹತ್ಕೋತೀನಿ, ಹತ್ಕೋತೀನಿ! ಮನೆ ಫ್ರಿಜ್ಜಿನ ಮೇಲಿನ ಚೀಟಿ ಮರೆತಿದ್ದೀನಿ ಅಂದ್ಕೊಂಡ್ಯಾ?

ಆ ಚೀಟಿಯನ್ನು ಬರೆದವನು ಲೈಲನೇ. ಮನೆ ಬಿಡುವ ಮುಂಚೆ ಇಬ್ಬರೂ ರುಜು ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ದಾರಿಯಲ್ಲಿ ಲೈಲ್ ಯಾವುದೇ ಮೋಟಾರು ವಾಹನದಲ್ಲಿ ಕುಳಿತರೆ ಅವನು ಸೋತ ಹಾಗೆ, ಟ್ರೆವರ್‌ನಿಂದ ಕ್ಯಾರವಾನ್ ವಾಪಸ್ ಕೊಳ್ಳಬೇಕು. ಗ್ಲೆನಿಸ್ ಕುಳಿತರೆ ಅವಳು ಸೋತ ಹಾಗೆ, ಮುಂದಿನ ವರ್ಷ ಬಾಯಿ ಮುಚ್ಚಿಕೊಂಡು ಉತ್ತರದ ತುದಿಯ ಡಾರ್ವಿನ್‌ವರೆಗೆ ಸೈಕಲ್ ತುಳಿಯಬೇಕು. ಕೊನೆಗೆ ಪರೀಕ್ಷಕರ ಭಾಷೆಯಲ್ಲಿ ಒಂದು ಸಾಲು: 'ಕುಳಿತರೆ ಸಾಕು, ವಾಹನವು ಚಲಿಸಬೇಕಾಗಿಲ್ಲ.' ಹೆಂಡತಿ ಯಾರದಾದರೂ ಕಾರಿನೊಳಗೆ ನೆರಳಿಗೆಂದು ಕೂತು, ಆಮೇಲೆ 'ನಾನು ಎಲ್ಲೂ ಹೋಗಲಿಲ್ಲವಲ್ಲ' ಎಂದು ವಾದಿಸುವವಳೆಂದು ಅವನಿಗೆ ಗೊತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ರಸ್ತೆ ಬದಿಯಲ್ಲಿ ಸತ್ತ ಕಾಂಗರೂ ಒಂದು ಸಿಕ್ಕಿತು. ಯಾರೋ ತರಲೆಗಳು ಅದರ ಮುಂಗಾಲಿಗೆ ಖಾಲಿ ಬಿಯರ್ ಡಬ್ಬಿ ಸಿಕ್ಕಿಸಿ ಹೋಗಿದ್ದರು. ಅದನ್ನು ದಾಟಿ ಸ್ವಲ್ಪ ದೂರಕ್ಕೆ ಆ ಬಯಲಿನ ಒಂದೇ ಒಂದು ಮರ, ಗ್ಲೆನಿಸ್‌ಗಿಂತ ಎರಡು ಗೇಣು ಎತ್ತರ. ಅದರ ತುಂಬ ಹಳೆ ಬೂಟು, ಬನಿಯನ್ನು, ಒಳಚಡ್ಡಿ. ಆ ದಾರಿಯಲ್ಲಿ ಹೋಗುವವರು ಮರ ಕಂಡರೆ ಮೈಮೇಲಿನದೊಂದು ಕಟ್ಟಿ ಹೋಗುವುದು ವಾಡಿಕೆ.

ಲೈಲ್: ನಿಲ್ಲು. ನನ್ನ ಹಳೇ ಪಟ್ಟೆ ಚಡ್ಡಿ ಇಲ್ಲಿ ಕಟ್ತೀನಿ. ನೂರ ನಲವತ್ತು ಗ್ರಾಂ ಭಾರ ಇಳೀತು.

ಗ್ಲೆನಿಸ್: ಅದಕ್ಕೆ ಮೊನ್ನೆ ತಾನೇ ಹಸಿರು ತೇಪೆ ಹಾಕಿದ್ದೀನಿ! ಮೊದಲು ಆ ದಪ್ಪ ನೋಟ್‌ಬುಕ್ ಬಿಸಾಕು.

ಲೈಲ್: ನೋಟ್‌ಬುಕ್ಕಿನಲ್ಲಿ ಭಾರದ ಲೆಕ್ಕ ಇದೆ. ಅದನ್ನ ಬಿಸಾಕಿದ್ರೆ ಎಷ್ಟು ಭಾರ ಇಳೀತು ಅಂತ ಎಲ್ಲಿ ಬರೀಲಿ?

ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಗರಗಸದಿಂದ ಕೊಯ್ದವನು ಅವನು. ಅವನ ಜೊತೆ ವಾದಿಸಿ ಫಲವಿಲ್ಲವೆಂದು ಗ್ಲೆನಿಸ್‌ಗೆ ಗೊತ್ತಿತ್ತು. ಚಡ್ಡಿ ಮರ ಏರಿತು.

ಹನ್ನೆರಡಾಗುವಾಗ ತಗಡಿನ ಚಪ್ಪರ ಒಂದು ಸಿಕ್ಕಿತು. ಪಕ್ಕದಲ್ಲಿ ಮಳೆನೀರಿನ ತೊಟ್ಟಿ. ಹೆದ್ದಾರಿಯಿಂದ ಒಂದು ಮಣ್ಣುದಾರಿ ತೊಟ್ಟಿಯನ್ನು ಸುತ್ತಿ ಚಪ್ಪರಕ್ಕೆ ಬಂದು, ಮತ್ತೆ ಸುತ್ತಿ ಹೆದ್ದಾರಿಗೆ ಸೇರುತ್ತಿತ್ತು. ಆರು ಗಂಟೆಗೆ ರೋಡ್‌ಹೌಸ್, ಅಂದರೆ ಹೆದ್ದಾರಿ ಬದಿಯ ಊಟ-ಪೆಟ್ರೋಲಿನ ತಂಗುದಾಣ, ಬಿಟ್ಟವರು ಇಲ್ಲಿಗೆ ಬಂದದ್ದು ಬರೀ ಮೂವತ್ತು ಕಿಲೋಮೀಟರ್. ಮುಂದಿನ ರೋಡ್‌ಹೌಸ್‌ಗೆ ಇನ್ನೂ ನಲವತ್ತು. ಆಕಾಶಕ್ಕೆಲ್ಲ ಕೆಂಪು ದೂಳು ಕವಿದು ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಇಬ್ಬರ ಫೋನುಗಳೂ ನಿನ್ನೆಯೇ ಸತ್ತಿದ್ದವು, ರಾತ್ರಿ ಚಾರ್ಜಿಗೆ ಹಾಕಲು ಇಬ್ಬರೂ ಮರೆತಿದ್ದರು. ಹೆಚ್ಚಿನ ಬ್ಯಾಟರಿ ತಂದಿದ್ದರೆ ಇನ್ನೂರು ಗ್ರಾಂ ಆಗುತ್ತಿತ್ತು.

ಗ್ಲೆನಿಸ್ ತನ್ನ ಸೈಕಲ್ಲನ್ನು ಪೂರ್ವಕ್ಕೆ ಮೂತಿ ಮಾಡಿ ನೆಲಕ್ಕೆ ಮಲಗಿಸಿದಳು. ಅದು ಲೈಲನ ಮೊದಲನೇ ನಿಯಮ: ಬಯಲಿನಲ್ಲಿ ನಿಂತಾಗ ಸೈಕಲ್ಲಿನ ಮೂತಿ ಹೋಗಬೇಕಾದ ದಿಕ್ಕಿಗೇ ಇರಬೇಕು. ಎರಡೂ ಕಡೆ ಒಂದೇ ಥರ ಕಾಣುವ ಜಾಗದಲ್ಲಿ ನಿದ್ದೆಗಣ್ಣಲ್ಲಿ ಎದ್ದವನಿಗೆ ಬೇರೆ ಗುರುತು ಇರುವುದಿಲ್ಲ.

ಲೈಲ್ ಟೀಗೆ ಒಲೆ ಹಚ್ಚಿದ. ಆರಿತು. ಮತ್ತೆ ಹಚ್ಚಿದ. ಮತ್ತೆ ಆರಿತು. ಎದ್ದು ಹೋಗಿ ಎರಡೂ ಸೈಕಲ್ಲುಗಳನ್ನು ಎಳೆದು ತಂದು, ಚೀಲಗಳೆಲ್ಲ ಗಾಳಿಗೆ ಗೋಡೆಯಾಗುವಂತೆ ತಿರುಗಿಸಿ ನಿಲ್ಲಿಸಿದ.

ಗ್ಲೆನಿಸ್: ಮೂತಿ ತಿರುಗಿತು.

ಲೈಲ್: ಟೀ ಆದ ಮೇಲೆ ಸರಿ ಮಾಡ್ತೀನಿ.

ಗ್ಲೆನಿಸ್: ಮರೀತೀಯ.

ಲೈಲ್: ಆ ನಿಯಮ ಬರೆದವನಿಗೇ ನಿಯಮ ಹೇಳ್ಕೊಡ್ತೀಯಾ?

ಟೀ ಆಯಿತು. ಬ್ರೆಡ್ಡು, ಟೊಮೇಟೊ, ದೂಳು, ಮೂರೂ ಸೇರಿ ಊಟ ಆಯಿತು. ಬೆಂಚಿನ ಮೇಲೆ ಒರಗಿದವರು ಒರಗಿದಲ್ಲೇ ನಿದ್ದೆಹೋದರು. ಎದ್ದಾಗ ಒಂದೂವರೆ.

ಗ್ಲೆನಿಸ್: ಸೈಕಲ್ ತಿರುಗಿಸಿದ್ಯಾ?

ಲೈಲ್: ಎಷ್ಟು ಸಲ ಕೇಳ್ತೀಯೇ? ಎಲ್ಲಾ ಸರಿ ಇದೆ, ಹತ್ತು.

ತೊಟ್ಟಿ ಸುತ್ತಿ ಹೆದ್ದಾರಿಗೆ ಬಂದರು. ಬಂದದ್ದೇ ತಡ, ಯಾರೋ ಹಿಂದಿನಿಂದ ಅಂಗೈ ಇಟ್ಟು ತಳ್ಳಿದ ಹಾಗಾಯಿತು. ಸೈಕಲ್ಲು ತನ್ನಷ್ಟಕ್ಕೆ ಓಡತೊಡಗಿತು. ಕಿವಿಯಲ್ಲಿ ಬೆಳಗಿನಿಂದ ಮೊರೆಯುತ್ತಿದ್ದ ಸದ್ದು ನಿಂತೇಹೋಯಿತು.

ಲೈಲ್: ಏನಂದಿದ್ದೆ! ಏನಂದಿದ್ದೆ ನಾನು! ತಿರುಗಿತಾ ಇಲ್ವಾ?

ಗ್ಲೆನಿಸ್: ಎರಡು ಗಂಟೆಗೆ ಅಂದಿದ್ದೆ. ಈಗಿನ್ನೂ ಒಂದೂವರೆ.

ಲೈಲ್: ಗಾಳಿಗೂ ಮನೆ ಸೇರೋ ಅವಸರ ಇರಲ್ವಾ?

ಗ್ಲೆನಿಸ್: ಲೈಲ್, ಗಾಳಿ ತಿರುಗಿದೆಯೋ, ನಾವು ತಿರುಗಿದ್ದೀವೋ?

ಲೈಲ್: ಇದೇ ನೋಡು. ಹದಿನೇಳು ದಿನ ಎದುರುಗಾಳಿ ಅಂತ ಬೈದೆ. ಈಗ ಬೆನ್ನುಗಾಳಿ ಬಂದ್ರೂ ನಂಬಲ್ಲ. ನಿನ್ನ ಸಂತೋಷಪಡಿಸೋಕೆ ಆ ದೇವರಿಗೂ ಸಾಧ್ಯ ಇಲ್ಲ.

ನಿಜ ಹೇಳಬೇಕೆಂದರೆ ಗ್ಲೆನಿಸ್‌ಗೆ ವಾದ ಬೇಕಿರಲಿಲ್ಲ. ಕಾಲು ಸುಮ್ಮನೆ ಸುತ್ತುತ್ತಿದ್ದವು. ಬಯಲು ಎರಡೂ ಕಡೆಯಿಂದ ಹರಿದು ಹಿಂದೆ ಹೋಗುತ್ತಿತ್ತು. ಶಾಲೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ನಿಂತುಕೊಂಡೇ ಕೆಲಸ ಮಾಡಿದ ಹೆಂಗಸು ಅವಳು. ಮೈ ಇಷ್ಟು ಹಗುರಾದದ್ದು ಯಾವ ಕಾಲದಲ್ಲೋ. ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಹಾಡು ಗುನುಗಿದಳು.

ರಸ್ತೆ ಬದಿಯಲ್ಲಿ ಒಂಟಿ ಮರ ಕಾಣಿಸಿತು. ಬೂಟು, ಬನಿಯನ್ನು, ಒಳಚಡ್ಡಿ. ನಡುವೆ ಪಟ್ಟೆಪಟ್ಟೆಯದೊಂದು ಪಟಪಟ ಹಾರುತ್ತಿತ್ತು.

ಗ್ಲೆನಿಸ್: ಲೈಲ್! ನಿನ್ನ ಚಡ್ಡಿ!

ಲೈಲ್: ಹಾಕ್ಕೊಂಡಿದ್ದೀನಲ್ಲ!

ಗ್ಲೆನಿಸ್: ಅದಲ್ಲ, ಪಟ್ಟೆದು! ಮರದ ಮೇಲೆ!

ಲೈಲ್: ಆ ಥರದ್ದು ಅಂಗಡಿಯಲ್ಲಿ ಸಾವಿರ ಮಾರಿರ್ತಾರೆ!

ಗ್ಲೆನಿಸ್: ಸಾವಿರಕ್ಕೂ ನಾನೇ ಹಸಿರು ತೇಪೆ ಹಾಕಿದ್ದೀನಾ? ನಿಲ್ಲಿಸೋ!

ಲೈಲ್: ಬೆನ್ನುಗಾಳಿಯಲ್ಲಿ ಬ್ರೇಕ್ ಹಿಡಿದ್ರೆ ಪಾಪ ಬರುತ್ತೆ!

ಅವನು ತಿರುಗಿಯೂ ನೋಡದೆ ದೂಳಿನಲ್ಲಿ ಕರಗಿಹೋದ. ಗ್ಲೆನಿಸ್ ಸೈಕಲ್ ನಿಲ್ಲಿಸಿ ಮರದ ಹತ್ತಿರ ಹೋದಳು. ತೇಪೆ ಅವಳದೇ. ಹಸಿರು ದಾರ ಸಾಲದೆ ಕೊನೆಗೆ ಕಂದು ದಾರದಲ್ಲಿ ಮುಗಿಸಿದ್ದಳು, ಆ ನಾಲ್ಕು ಕಂದು ಹೊಲಿಗೆಯೂ ಅಲ್ಲೇ ಇದ್ದವು. ಚಡ್ಡಿಯನ್ನು ಬಿಚ್ಚಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಪಶ್ಚಿಮಕ್ಕೆ ಹಾರಿಹೋಗುತ್ತಿರುವ ಗಂಡನ ದಾರಿ ನೋಡಿದಳು. ಬಿಟ್ಟು ಬರುವ ಹಾಗಿಲ್ಲ, ಹಿಡಿಯುವ ಹಾಗೂ ಇಲ್ಲ. ಅವಳಿಗೆ ಎಲ್ಲಿಲ್ಲದ ನಗು ಬಂತು. ಸ್ವಲ್ಪ ಮುಂದೆ ಬಿಯರ್ ಡಬ್ಬಿ ಹಿಡಿದು ಮಲಗಿದ್ದ ಕಾಂಗರೂಗೆ ಕೈ ಬೀಸಿ ಹೋದಳು.

ರೋಡ್‌ಹೌಸ್‌ನಲ್ಲಿ ಗಲ್ಲೆಯ ಹಿಂದೆ ಕ್ಲಾರಿ ಎಂಬ ಮುದುಕ ಹಳೆಯ ಪೇಪರು ಓದುತ್ತ ಕೂತಿದ್ದ. ಬೆಳಗಿನ ಪಾಳಿ ಅವನ ಹೆಂಡತಿ ರೋಮಾಳದು, ಮಧ್ಯಾಹ್ನದ್ದು ಅವನದು. ಅಡಿಯಿಂದ ಮುಡಿಯವರೆಗೆ ಕೆಂಪು ದೂಳಾಗಿದ್ದ ಲೈಲ್ ಬಾಗಿಲು ನೂಕಿಕೊಂಡು ಬಂದ.

ಲೈಲ್: ಒಂದು ಗಂಟೆ! ನಲವತ್ತು ಕಿಲೋಮೀಟರ್, ಬರೀ ಒಂದು ಗಂಟೆ!

ಕ್ಲಾರಿ: ಟೀನಾ, ಕಾಫೀನಾ?

ಲೈಲ್: ಮೀಟರಿನಲ್ಲಿ ಮೂವತ್ತೇ ತೋರಿಸ್ತಾ ಇದೆ. ಅಷ್ಟು ಜೋರಾಗಿ ಹೋದ್ರೆ ಚಕ್ರ ನೆಲಕ್ಕೆ ತಾಗೋದೇ ಕಮ್ಮಿ ಅಲ್ವಾ, ಅದಕ್ಕೆ. ಟೀ ಕೊಡಿ.

ಕ್ಲಾರಿ: ಎಲ್ಲಿಂದ ಬಂದ್ರಿ?

ಲೈಲ್: ಬೆಳಿಗ್ಗೆ ಹಿಂದಿನ ರೋಡ್‌ಹೌಸ್‌ನಿಂದ ಹೊರಟ್ವಿ. ನಿಮ್ಮದೂ ಥೇಟ್ ಅದೇ ಥರ ಇದೆ. ಎಲ್ಲಾ ಒಂದೇ ಅಚ್ಚಿನಲ್ಲಿ ಕಟ್ತಾರೆ ಅಂತ ಕಾಣುತ್ತೆ.

ಕ್ಲಾರಿ: ಇರಬಹುದು.

ಲೈಲ್: ಆದ್ರೆ ಅಲ್ಲಿ ಮಾತ್ರ ಯಾರೂ ಊಟ ಮಾಡಬಾರದು. ಮಾಂಸದ ಪೈ ಅಂತ ಒಂದು ಕೊಟ್ರು. ಅದನ್ನ ಕುಯ್ದು ಟೈರಿಗೆ ತೇಪೆ ಹಾಕಬಹುದು.

ಕ್ಲಾರಿ: ಹೌದಾ? ಯಾರು ಕೊಟ್ಟಿದ್ದು?

ಲೈಲ್: ಒಬ್ಬಳು ಮುದುಕಿ. ಕಂಡೋರನ್ನೆಲ್ಲ ಚಿನ್ನಾ ಚಿನ್ನಾ ಅಂತ ಕರೀತಾಳೆ.

ಕ್ಲಾರಿ: ನನ್ನ ಮಾತ್ರ ಕರೆಯಲ್ಲ.

ಲೈಲ್: ನಿಮಗೆ ಪರಿಚಯಾನಾ?

ಕ್ಲಾರಿ: ನಲವತ್ತೆರಡು ವರ್ಷದಿಂದ.

ಲೈಲ್: ಅಷ್ಟು ದೂರ ಹೋಗಿ ಬಂದು ಮಾಡ್ತೀರಾ?

ಕ್ಲಾರಿ: ದೂರ ಏನಿಲ್ಲ. ಅಡುಗೆಮನೆಗೆ ಹತ್ತು ಹೆಜ್ಜೆ.

ಅಡುಗೆಮನೆಯ ಪರದೆ ಸರಿಸಿಕೊಂಡು, ಮಧ್ಯಾಹ್ನದ ನಿದ್ದೆ ಮುಗಿಸಿದ ರೋಮಾ ಆಕಳಿಸುತ್ತ ಬಂದಳು.

ರೋಮಾ: ಅಯ್ಯೋ, ಏನ್ ಚಿನ್ನಾ! ಏನಾದ್ರೂ ಮರೆತು ಹೋಗಿದ್ಯಾ?

ಲೈಲ್: ನೀವು... ನೀವು ಇಲ್ಲಿಗೆ ಯಾವಾಗ ಬಂದ್ರಿ?

ರೋಮಾ: ಮದುವೆಯಾದ ವರ್ಷ.

ಲೈಲ್: ಅಲ್ಲ, ಬೆಳಿಗ್ಗೆ ನೀವು ಅಲ್ಲಿದ್ರಲ್ಲ?

ರೋಮಾ: ಎಲ್ಲಿ?

ಲೈಲ್: ಅಲ್ಲಿ! ಹಿಂದೆ! ನಿಮ್ಮದು ಎರಡು ರೋಡ್‌ಹೌಸ್ ಇದೆಯಾ?

ರೋಮಾ: ಒಂದನ್ನೇ ಗುಡಿಸೋಕೆ ಆಗ್ತಿಲ್ಲ. ಕ್ಲಾರಿ, ಇವನಿಗೆ ಬಿಸಿಲು ಹೊಡೆದಿದೆ, ತಲೆ ಮೇಲೆ ನೀರು ಹಾಕು.

ಲೈಲ್: ನನಗೆ ಏನೂ ಹೊಡೆದಿಲ್ಲ! ದಿಕ್ಕಿನ ವಿಚಾರದಲ್ಲಿ ನನ್ನ ಜೀವಮಾನದಲ್ಲಿ ಇವತ್ತಿನವರೆಗೂ...

ಬಾಗಿಲು ತೆರೆಯಿತು. ಗ್ಲೆನಿಸ್ ಒಳಗೆ ಬಂದಳು. ಚೀಲದಿಂದ ಪಟ್ಟೆ ಚಡ್ಡಿಯನ್ನು ತೆಗೆದು, ಹಸಿರು ತೇಪೆ ಮೇಲೆ ಬರುವ ಹಾಗೆ ಗಲ್ಲೆಯ ಮೇಲೆ ಹಾಸಿದಳು.

ಲೈಲ್ ಚಡ್ಡಿ ನೋಡಿದ. ರೋಮಾಳನ್ನು ನೋಡಿದ. ಗೋಡೆಯ ಕಡೆ ಇದ್ದ ಪ್ರಯಾಣಿಕರ ಪುಸ್ತಕ ನೋಡಿದ. ತೆರೆದೇ ಇದ್ದ ಪುಟದಲ್ಲಿ ಅವನದೇ ಗುಂಡು ಅಕ್ಷರ: 'ಬೆಳಿಗ್ಗೆ ಆರಕ್ಕೆ ಹೊರಟೆವು. ನಾವು ಹಿಂದಿರುಗಿ ನೋಡುವವರಲ್ಲ.'

ರೋಮಾ: ನೋಡಲಿಲ್ಲ ಬಿಡು ಚಿನ್ನಾ. ನೋಡಿದ್ರೆ ಬರ್ತಾ ಇರಲಿಲ್ಲ.

ಕ್ಲಾರಿ: ಇವರಿಗೆ ಪೈ ಬೇಕಂತೆ, ರೋಮಾ. ಟೈರಿಗೆ.

ಲೈಲ್ ಕುರ್ಚಿಯ ಮೇಲೆ ಕುಸಿದು ಕೂತ. ಆಮೇಲೆ ಪರೀಕ್ಷಕನ ದನಿಯಲ್ಲಿ ಕೇಳಿದ:

ಲೈಲ್: ಸೈಕಲ್ ತಿರುಗಿಸಿದ್ಯಾ ಅಂತ ನೀನು ನನ್ನ ಸರಿಯಾಗಿ ಕೇಳಬೇಕಿತ್ತು.

ಗ್ಲೆನಿಸ್: ಕೇಳಿದ್ದೆ.

ಲೈಲ್: ಒತ್ತಿ ಕೇಳಬೇಕಿತ್ತು.

ಗ್ಲೆನಿಸ್: ಮುಂದಿನ ಸಲ ನಿನ್ನ ಎಡಗಿವಿಗೆ ಹೇಳ್ತೀನಿ. ಅದಕ್ಕೆ ಬಿಡುವಿರುತ್ತಲ್ಲ.

ಹೊರಗೆ ಪೂರ್ವದ ಗಾಳಿ ಬಾಗಿಲನ್ನು ದಡದಡ ಬಡಿಯುತ್ತಿತ್ತು. ಪೆಟ್ರೋಲ್ ಪಂಪಿನ ಮೇಲಿನ ಬಾವುಟ ಪಶ್ಚಿಮಕ್ಕೆ ಚಾಚಿ ನಿಂತಿತ್ತು. ಇನ್ನು ಮತ್ತೆ ಅದೇ ಮೂವತ್ತು, ಅದರ ಮೇಲೆ ನಲವತ್ತು, ಎಲ್ಲವೂ ಎದುರುಗಾಳಿಗೆ. ಲೈಲ್ ಕಿಟಕಿಯಲ್ಲಿ ಬಾವುಟ ನೋಡಿದ, ತನ್ನ ಮೊಣಕಾಲು ನೋಡಿಕೊಂಡ.

ಕ್ಲಾರಿ: ಮುಂದಿನ ರೋಡ್‌ಹೌಸ್‌ಗೆ ಬ್ರೆಡ್ ಕೊಡೋಕೆ ಈಗ ಪಿಕಪ್ ತಗೊಂಡು ಹೋಗ್ತೀನಿ. ಅಂಗಡಿ ರೋಮಾ ನೋಡ್ಕೋತಾಳೆ. ಬೇಕಾದ್ರೆ ಸೈಕಲ್ ಹಿಂದೆ ಎಸೀರಿ.

ಮೂವರೂ ಲೈಲ್ ಕಡೆ ನೋಡಿದರು. ಗ್ಲೆನಿಸ್‌ಳ ಕಣ್ಣ ಮುಂದೆ ನೀಲಿ ಪರದೆ ಮೆಲ್ಲಗೆ ಅಲ್ಲಾಡಿತು.

ಲೈಲ್: ಒಂದು ಸೂಕ್ಷ್ಮ ವಿಚಾರ ಇದೆ ಗ್ಲೆನ್. ಚಪ್ಪರದವರೆಗಿನ ಮೂವತ್ತು ಕಿಲೋಮೀಟರನ್ನ ನಾವು ಬೆಳಿಗ್ಗೆನೇ ತುಳಿದಾಗಿದೆ. ಆ ಅಂಗುಲಗಳು ಲೆಕ್ಕಕ್ಕೆ ಸೇರಿದ್ದಾವೆ. ಹಾಗಾಗಿ ಚಪ್ಪರದವರೆಗೆ ಗಾಡಿಯಲ್ಲಿ ಹೋದ್ರೆ ಅದು ಹೋದ ಹಾಗಲ್ಲ, ಬಂದದ್ದನ್ನ ರದ್ದು ಮಾಡಿದ ಹಾಗೆ.

ಗ್ಲೆನಿಸ್: ಚೀಟಿಯಲ್ಲಿ ಅಂಗುಲದ ಮಾತಿಲ್ಲ. ಮೋಟಾರು ವಾಹನ ಅಂತಿದೆ.

ಲೈಲ್: ಪಿಕಪ್ ಅಂದ್ರೆ ಸಾಮಾನಿನ ಗಾಡಿ. ನಾನು ಬ್ರೆಡ್ಡಿನ ಜೊತೆ ಹೋಗ್ತೀನಿ ಅಷ್ಟೇ.

ರೋಮಾ: ಕ್ಲಾರಿ, ನಿನ್ನ ಪಿಕಪ್ ಮೋಟಾರು ವಾಹನಾನಾ?

ಕ್ಲಾರಿ: ಬೆಳಿಗ್ಗೆ ಹೊತ್ತು ಅಲ್ಲ. ಮಧ್ಯಾಹ್ನ ಬಿಸಿಯಾದ ಮೇಲೆ ಹೌದು.

ಗ್ಲೆನಿಸ್: ನಾನು ಬೇಡ ಅನ್ನಲ್ಲ ಲೈಲ್. ಕೂತ್ಕೋ. ಆರಾಮಾಗಿ ಕೂತ್ಕೋ.

ಲೈಲ್: ಇದೆಲ್ಲ ನನಗೋಸ್ಕರ ಅಲ್ಲ. ನೀನು ಬಳಲಿದ್ದೀಯ. ನಿನ್ನ ಮುಖ ನೋಡೋಕೆ ನನಗೆ ಆಗ್ತಿಲ್ಲ.

ಗ್ಲೆನಿಸ್: ಅಷ್ಟು ಕರುಣೆ ಇದ್ರೆ ಬೆಳಿಗ್ಗೆ ಮೀಟರು ನೋಡೋವಾಗ ತೋರಿಸಬೇಕಿತ್ತು.

ಅಷ್ಟರಲ್ಲಿ ಗಾಳಿ ಎಷ್ಟು ಜೋರಾಗಿ ಬೀಸಿತೆಂದರೆ ಹೊರಗಿದ್ದ ಕಸದ ಡಬ್ಬಿ ಉರುಳುರುಳಿ ಪರ್ತ್ ಕಡೆಗೆ ಹೊರಟಿತು. ಅದು ಕಣ್ಮರೆಯಾಗುವುದನ್ನು ಲೈಲ್ ನೋಡಿದ. ಎದ್ದ. ಸೈಕಲ್ಲನ್ನು ಎತ್ತಿ ಪಿಕಪ್ಪಿನ ಹಿಂದೆ ಮಲಗಿಸಿದ. ಅಭ್ಯಾಸಬಲದಿಂದ ಗಾಡಿಯ ನಾಲ್ಕೂ ಟೈರು ಒದ್ದು ನೋಡಿದ. ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಟಕ್ ಎಂದಿತು. ಗ್ಲೆನಿಸ್ ಜೀವನದಲ್ಲಿ ಅಷ್ಟು ಇಂಪಾದ ಸದ್ದು ಕೇಳಿರಲಿಲ್ಲ.

ಲೈಲ್: ತಗೋ, ನಿನ್ನ ಕ್ಯಾರವಾನ್. ಸಮಾಧಾನ ಆಯ್ತಾ?

ಗ್ಲೆನಿಸ್: ಆಯ್ತು.

ಕ್ಲಾರಿ ಗ್ಲೆನಿಸ್‌ಳ ಸೈಕಲ್ಲನ್ನೂ ಎತ್ತಿ ಮೇಲಿಟ್ಟ. ಬ್ರೆಡ್ಡಿನ ಕೊನೆಯ ಟ್ರೇ ತರಲು, ಬಾಗಿಲಲ್ಲಿ ನಿಂತಿದ್ದ ರೋಮಾಳನ್ನು ದಾಟಿ ಒಳಗೆ ಹೋದ. ಗ್ಲೆನಿಸ್ ಇನ್ನೊಂದು ಪಕ್ಕದ ಬಾಗಿಲಿಗೆ ಕೈ ಹಾಕಿದಳು.

ಆಗ ಬಾಗಿಲಿನ ದಡದಡ ನಿಂತಿತು. ಬಾವುಟ ಜೋತುಬಿತ್ತು. ಒಂದು ಗಳಿಗೆ ಇಡೀ ಬಯಲು ನಿಶ್ಶಬ್ದ. ಅವಳ ಕತ್ತಿನ ಹಿಂಭಾಗಕ್ಕೆ ತಣ್ಣಗೆ ಏನೋ ತಾಗಿತು. ಮೇಲೆ ಬಾವುಟ ಒಂದು ಸಲ ಒದರಿಕೊಂಡು, ಪೂರ್ವಕ್ಕೆ ನೆಟ್ಟಗೆ ಚಾಚಿತು.

ರೋಮಾ: ಬಂತು ನೋಡಿ, ಪಶ್ಚಿಮದ ಗಾಳಿ! ಇನ್ನು ಎರಡು ದಿನ ನಿಲ್ಲಲ್ಲ.

ಲೈಲ್: ತಿರುಗಿತು! ಗ್ಲೆನ್, ತಿರುಗಿತು! ನಾನು ಹೇಳಿರಲಿಲ್ವಾ? ಎರಡು ಗಂಟೆ ಆಗಿದೆ, ಸ್ವಲ್ಪ ಹೆಚ್ಚು ಕಮ್ಮಿ ಇರಬಹುದು. ಆದ್ರೆ ತಿರುಗಿತು!

ಆ ಆನಂದ ಅವನ ಮುಖದ ಮೇಲೆ ಸರಿಯಾಗಿ ಮೂರು ಸೆಕೆಂಡು ಇತ್ತು. ಆಮೇಲೆ ಅವನು ತನ್ನ ಎದೆಯ ಮೇಲಿನ ಬೆಲ್ಟ್ ನೋಡಿಕೊಂಡ.

ಲೈಲ್: ಇರು ಇರು ಇರು. ಗಾಡಿ ಇನ್ನೂ ಹೊರಟಿಲ್ಲ. ಇಂಜಿನ್ ಕೂಡ ಹಾಕಿಲ್ಲ. ನಾನು ಎಲ್ಲೂ ಹೋಗಲಿಲ್ಲವಲ್ಲ!

ಗ್ಲೆನಿಸ್: ಕುಳಿತರೆ ಸಾಕು, ವಾಹನವು ಚಲಿಸಬೇಕಾಗಿಲ್ಲ.

ಲೈಲ್: ಅದನ್ನ ನಾನು ನಿನಗೋಸ್ಕರ ಬರೆದಿದ್ದು!

ಗ್ಲೆನಿಸ್: ಗೊತ್ತು.

ಅವಳು ಬಾಗಿಲಿನಿಂದ ಕೈ ತೆಗೆದಳು. ಗಾಳಿ ಬೆನ್ನಿಗೆ ಅಂಗೈ ಇಟ್ಟಿತ್ತು, ಚಪ್ಪರ ಬಿಟ್ಟಾಗ ಇಟ್ಟ ಹಾಗೇ. ಮೈ ಹಗುರಾದದ್ದು ಜ್ಞಾಪಕಕ್ಕೆ ಬಂತು. ಅಷ್ಟರಲ್ಲಿ ಕ್ಲಾರಿ ಟ್ರೇ ಹೊತ್ತು ಹೊರಗೆ ಬಂದ.

ಗ್ಲೆನಿಸ್: ಕ್ಲಾರಿ, ನನ್ನ ಸೈಕಲ್ ಇಳಿಸಿ ಕೊಡ್ತೀರಾ?

ಲೈಲ್: ಯಾಕೆ? ನೀನು ಗೆದ್ದಾಯ್ತಲ್ಲ! ಎಪ್ಪತ್ತು ಕಿಲೋಮೀಟರ್ ಇದೆ!

ಗ್ಲೆನಿಸ್: ಈ ಗಾಳಿಗೆ ಎರಡು ಗಂಟೆಯ ದಾರಿ. ನಾನು ಇಲ್ಲಿವರೆಗೂ ಒಂದು ಅಂಗುಲ ಬಿಟ್ಟಿಲ್ಲ ಲೈಲ್. ಮನೆ ಗೇಟಿನವರೆಗೂ ಬಿಡಲ್ಲ.

ಲೈಲ್: ಅಂಗುಲ ಅಂಗುಲ ಅನ್ನೋದು ನನ್ನ ಯೋಜನೆ!

ಗ್ಲೆನಿಸ್: ನಿನ್ನ ಇಪ್ಪತ್ತು ಜನ ಕಾಯ್ತಾ ಇದ್ದಾರೆ. ಯಾರಾದ್ರೂ ಒಬ್ಬರು ಮಾಡಬೇಕಲ್ಲ.

ಲೈಲ್: ಹಾಗಾದ್ರೆ ಕ್ಯಾರವಾನ್ ಬೇಡ ಅನ್ನು.

ಗ್ಲೆನಿಸ್: ಬೇಕೇ ಬೇಕು. ಮುಂದಿನ ವರ್ಷ ಡಾರ್ವಿನ್‌ಗೆ ಹೋಗ್ತಾ ಇದ್ದೀನಿ, ಸೈಕಲ್ಲಿನಲ್ಲಿ. ನೀನು ಕ್ಯಾರವಾನ್ ಓಡಿಸ್ಕೊಂಡು ಮುಂದೆ ಹೋಗಿ ಟೀ ಇಟ್ಟಿರು. ಪರದೆ ನೀಲೀದೇ ಇರಲಿ.

ರೋಮಾ ಚಪ್ಪಾಳೆ ತಟ್ಟಿದಳು. ಕ್ಲಾರಿ ಸೈಕಲ್ ಇಳಿಸಿ, ಯಾರೂ ಹೇಳದೆಯೇ, ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿದ. ಗ್ಲೆನಿಸ್ ಪಟ್ಟೆ ಚಡ್ಡಿಯನ್ನು ಹ್ಯಾಂಡಲಿಗೆ ಕಟ್ಟಿಕೊಂಡಳು.

ಲೈಲ್: ಅದು ಯಾಕೆ?

ಗ್ಲೆನಿಸ್: ಮತ್ತೆ ಮರಕ್ಕೆ ಕಟ್ಟಿ ಹೋಗ್ತೀನಿ. ಯಾರಾದ್ರೂ ದಾರಿ ತಪ್ಪಿದ್ರೆ ಗುರುತು ಬೇಕಲ್ಲ.

ಲೈಲ್: ಗ್ಲೆನ್, ಸ್ವಲ್ಪ ನಿಲ್ಲು! ನಿಯಮ ಹೇಳ್ತೀನಿ ಕೇಳು...

ಅವಳು ಕಾಲೆತ್ತಿ ಸೀಟಿನ ಮೇಲೆ ಕೂತಳು. ಆಮೇಲಿನದ್ದೆಲ್ಲ ಗಾಳಿ ನೋಡಿಕೊಂಡಿತು.

ಕ್ಲಾರಿ ನಿಧಾನವಾಗಿ ಬಂದು ಸ್ಟೀರಿಂಗಿನ ಮುಂದೆ ಕೂತು ಇಂಜಿನ್ ಹಾಕಿದ. ಪಿಕಪ್ಪಿನ ಮೂತಿ ಪಶ್ಚಿಮಕ್ಕಿತ್ತು. ಲೈಲ್ ಕೈಕಟ್ಟಿ ನೇರ ಮುಂದೆ ನೋಡುತ್ತ ಕೂತಿದ್ದ. ಗಾಡಿ ತಿರುಗಿಸಲು ಕ್ಲಾರಿ ಗೇರಿಗೆ ಕೈ ಹಾಕಿದಾಗ ಮಾತ್ರ, ಮೂವತ್ತೊಂದು ವರ್ಷದ ಅಭ್ಯಾಸ, ತಡೆಯಲಾಗಲಿಲ್ಲ.

ಲೈಲ್: ಕನ್ನಡಿ ನೋಡಿದ್ರಾ?

ಕ್ಲಾರಿ: ನೋಡಿದೆ. ನಿಮ್ಮ ಹೆಂಡತಿ ಆಗಲೇ ಕಾಣ್ತಾ ಇಲ್ಲ.